ಹೆಸರಿಟ್ಟವರ ಬಟ್ಟೆ

ಘಾನಾದ ಅಕ್ರಾ ನಗರದ ಮಕೋಲಾ ಮಾರುಕಟ್ಟೆಯಲ್ಲಿ ಬಟ್ಟೆ ಅಂಗಡಿಗಳ ದಾರಿಯನ್ನು ಯಾರನ್ನೂ ಕೇಳಬೇಕಾಗಿಲ್ಲ. ಟೊಮೆಟೊ, ಒಣಮೀನು, ಗೆಣಸು ಮಾರುವ ಸಾಲುಗಳನ್ನು ದಾಟುತ್ತಿದ್ದಂತೆ ಬಣ್ಣಗಳೇ ಕೈಹಿಡಿದು ಕರೆದೊಯ್ಯುತ್ತವೆ. ಅರಿಸಿನ, ಕುಂಕುಮ, ಎಲೆಹಸಿರು, ಕಡುನೀಲಿ. ಆರು ಗಜ, ಹನ್ನೆರಡು ಗಜಗಳಿಗೆ ಮಡಿಸಿದ ಬಟ್ಟೆಗಳನ್ನು ನೆಲದಿಂದ ಸೂರಿನವರೆಗೆ ಒತ್ತೊತ್ತಾಗಿ ಪೇರಿಸಿರುತ್ತಾರೆ. ನಡುವೆ ಉಳಿದ ಚೂರು ಜಾಗದಲ್ಲಿ ಸ್ಟೂಲಿನ ಮೇಲೆ ಅಂಗಡಿಯ ಒಡತಿ ಕೂತಿರುತ್ತಾಳೆ. ಒಡತಿ ಎಂದೇ ಹೇಳಬೇಕು, ಏಕೆಂದರೆ ಪಶ್ಚಿಮ ಆಫ್ರಿಕಾದ ಈ ಕರಾವಳಿಯಲ್ಲಿ ಬಟ್ಟೆಯ ವ್ಯಾಪಾರ ಬಹುಮಟ್ಟಿಗೆ ಹೆಂಗಸರ ಕೈಯಲ್ಲಿದೆ.

ಟೆಮಾದಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ ಈ ಮಾರುಕಟ್ಟೆಗೆ ನಾನು ಮತ್ತೆ ಮತ್ತೆ ಬಂದೆ. ನಾನು ತಡಕಾಡುವುದನ್ನು ನೋಡುತ್ತಿದ್ದ ಒಬ್ಬ ಹಿರಿಯ ವ್ಯಾಪಾರಿ ಕೊನೆಗೆ ತಾವೇ ಕರೆದರು.

"ಬಾ ಮಗಳೇ. ದೂರದಿಂದ ನೋಡಿದರೆ ಬಟ್ಟೆ ತಿಳಿಯುವುದಿಲ್ಲ. ಹಿಂದುಮುಂದು ಮಾಡಿ ನೋಡು."

ಹಿಂದುಮುಂದು ಮಾಡಿದೆ. ಎರಡೂ ಮೈಯಲ್ಲಿ ಬಣ್ಣ ಒಂದೇ ಗಾಢ. ಅವರು ಬೆರಳಿನಿಂದ ಸಣ್ಣ ಸಣ್ಣ ನೀಲಿ ಗೆರೆಗಳನ್ನು ತೋರಿಸಿದರು. ಹಕ್ಕಿಯ ರೆಕ್ಕೆಯ ಮೇಲೆ, ಹೂವಿನ ಎಸಳಿನ ಮೇಲೆ ಹಬ್ಬಿದ ಬಿರುಕುಗಳವು. ಇನ್ನೊಂದು ಬಟ್ಟೆ ತೆಗೆದು ಪಕ್ಕದಲ್ಲಿ ಹಾಸಿದರು. ಅದೇ ಹಕ್ಕಿ, ಅದೇ ಬಣ್ಣ, ಬಿರುಕುಗಳೂ ಇದ್ದವು. "ಇಲ್ಲಿನ ಬಿರುಕು ನೋಡು. ಈಗ ಮುಂದಿನ ಹಕ್ಕಿಯ ಬಿರುಕು ನೋಡು." ಎರಡೂ ತದ್ವತ್ತಾಗಿದ್ದವು. "ಇದು ಯಂತ್ರ ಬರೆದ ಬಿರುಕು. ಅದು ತಾನೇ ಬಿದ್ದದ್ದು. ತಾನೇ ಬಿದ್ದದ್ದು ಎರಡನೇ ಸಲ ಹಾಗೇ ಬೀಳುವುದಿಲ್ಲ."

ಅವರು ಹೇಳಿದ್ದರಲ್ಲಿ ಈ ಬಟ್ಟೆಯ ತಯಾರಿಕೆಯೆಲ್ಲ ಅಡಗಿದೆ. ಮೇಣದ ಅಚ್ಚಿನ ಬಟ್ಟೆ ಎಂದೇ ಪ್ರಸಿದ್ಧವಾದರೂ ಕಾರ್ಖಾನೆಗಳು ಬಳಸುವುದು ರಾಳ. ಬಿಸಿ ರಾಳವನ್ನು ಉರುಳೆಗಳ ಮೂಲಕ ಹತ್ತಿ ಬಟ್ಟೆಯ ಎರಡೂ ಮೈಗೆ ಒತ್ತುತ್ತಾರೆ. ರಾಳ ಹಿಡಿದ ಕಡೆ ಬಣ್ಣ ಇಳಿಯದು. ಆಮೇಲೆ ಬಟ್ಟೆಯನ್ನು ಮುದುಡಿಸಿ ನೀಲಿಯಲ್ಲಿ ಅದ್ದಿದಾಗ ಗಟ್ಟಿಯಾದ ರಾಳ ಅಲ್ಲಲ್ಲಿ ಬಿರಿಯುತ್ತದೆ, ಬಿರಿದಲ್ಲಿ ನೀಲಿ ಒಳನುಗ್ಗಿ ತೆಳು ಗೆರೆಯಾಗಿ ಉಳಿಯುತ್ತದೆ. ರಾಳ ತೊಳೆದ ಮೇಲೆ ಹಳದಿ, ಕೆಂಪು, ಕಂದು ಬಣ್ಣಗಳನ್ನು ಒಂದೊಂದಾಗಿ ಕೂರಿಸುತ್ತಾರೆ. ಒಂದು ಬಣ್ಣ ಇನ್ನೊಂದರ ಅಂಚಿನಿಂದ ಚೂರು ಆಚೀಚೆ ಸರಿದಿರುವುದೂ ಉಂಟು. ಇದರಿಂದ ಒಂದೇ ಕಾರ್ಖಾನೆಯ ಒಂದೇ ವಿನ್ಯಾಸದಲ್ಲೂ ಒಂದು ಗಜ ಇನ್ನೊಂದು ಗಜದಂತೆ ಇರುವುದಿಲ್ಲ. ಮಕೋಲಾದ ಗಿರಾಕಿಗಳು ಇದನ್ನು ಬಲ್ಲರು, ಬೆಲೆಯನ್ನೂ ಇದನ್ನು ನೋಡಿಯೇ ಕೊಡುತ್ತಾರೆ.

ಬಿರುಕು ಬೀಳುವ ಈ ವಿದ್ಯೆ ಹುಟ್ಟಿದ್ದು ಆಫ್ರಿಕಾದಲ್ಲಿ ಅಲ್ಲ, ಆಫ್ರಿಕಾಕ್ಕಾಗಿಯೂ ಅಲ್ಲ. ಜಾವಾ ದ್ವೀಪದ ಹೆಂಗಸರು ತುದಿಮೊನೆಯ ಪುಟ್ಟ ತಾಮ್ರದ ಬಟ್ಟಲಿನಿಂದ ಬಿಸಿಮೇಣ ಬಿಡುತ್ತ ತಿಂಗಳುಗಟ್ಟಲೆ ಕೂತು ಬಾಟಿಕ್ ಬರೆಯುತ್ತಿದ್ದರು. ಆ ದ್ವೀಪವನ್ನು ಆಳುತ್ತಿದ್ದ ಡಚ್ಚರಿಗೆ 19ನೇ ಶತಮಾನದಲ್ಲಿ ಅದನ್ನು ಯಂತ್ರದಿಂದ ಅಗ್ಗವಾಗಿ ಮಾಡಿ ಜಾವಾದಲ್ಲೇ ಮಾರುವ ಆಸೆ ಹುಟ್ಟಿತು. ಹಾರ್ಲೆಮ್ ನಗರದಲ್ಲಿ ಪ್ರೆವಿನೇರ್ ಎಂಬ ಉದ್ಯಮಿ ಬಟ್ಟೆಯ ಎರಡೂ ಮೈಗೆ ರಾಳ ಒತ್ತುವ ಯಂತ್ರವನ್ನು ರೂಪಿಸಿದ. 1846ರಲ್ಲಿ ಹೆಲ್ಮಂಡ್ ಪಟ್ಟಣದಲ್ಲಿ ಪೀಟರ್ ಫೆಂಟೆನರ್ ಫಾನ್ ಫ್ಲಿಸ್ಸಿಂಗೆನ್ ಆರಂಭಿಸಿದ ಕಾರ್ಖಾನೆಯೇ ಇಂದಿನ ವ್ಲಿಸ್ಕೊ ಬಟ್ಟೆ ಕಂಪನಿ. ಆದರೆ ಜಾವಾದ ಜನ ಈ ಬಟ್ಟೆಗೆ ಒಲಿಯಲಿಲ್ಲ. ಕೈಯಿಂದ ಬರೆಯುವಾಗ ಬಿರುಕು ಬಿದ್ದರೆ ಅದು ಕೆಲಸಗಾರ್ತಿಯ ಸೋಲು ಎಂದು ತಿಳಿದವರಿಗೆ ಬಟ್ಟೆಯ ತುಂಬ ಬಿರುಕು ತುಂಬಿಸಿ ಕೊಟ್ಟರೆ ಹೇಗೆ ಮೆಚ್ಚಿಯಾರು? ಜೊತೆಗೆ ಅವರೇ ತಾಮ್ರದ ಅಚ್ಚು ಕಂಡುಕೊಂಡು ತಮ್ಮ ಬಾಟಿಕ್ಕನ್ನು ಅಗ್ಗ ಮಾಡಿಕೊಂಡಿದ್ದರು.

ಜಾವಾ ಕೈಬಿಟ್ಟದ್ದನ್ನು ಗೋಲ್ಡ್ ಕೋಸ್ಟ್, ಅಂದರೆ ಇಂದಿನ ಘಾನಾ, ಕೈಗೆತ್ತಿಕೊಂಡಿತು. ಎಲ್ಮಿನಾದ ಕೋಟೆ ನೋಡಲು ಹೋದವರಿಗೆ ಅಲ್ಲಿನ ಜಾವಾ ಗುಡ್ಡವನ್ನೂ ತೋರಿಸುತ್ತಾರೆ. 1831ರಿಂದ 1872ರವರೆಗೆ ಡಚ್ಚರು ಈ ಕರಾವಳಿಯಿಂದ ಸುಮಾರು 3,000 ಆಫ್ರಿಕನ್ನರನ್ನು ಸೈನಿಕರನ್ನಾಗಿ ಜಾವಾ, ಸುಮಾತ್ರಾಗಳಿಗೆ ಒಯ್ದರು. ಸೇವೆ ಮುಗಿಸಿ ಮರಳಿದವರಲ್ಲಿ ಕೆಲವರು ನೆಲೆಸಿದ ಜಾಗ ಅದು. ಅವರು ಪೆಟ್ಟಿಗೆಯಲ್ಲಿ ತಂದ ಬಾಟಿಕ್ಕಿನಿಂದಲೇ ಈ ರುಚಿ ಹರಡಿತು ಎನ್ನುವ ಕಥೆ ಕೇಳಲು ಚೆನ್ನ. ಆದರೆ ಒಂದು ಕರಾವಳಿಯ ಉಡುಗೆಯನ್ನೇ ಬದಲಿಸಲು ಮರಳಿ ಬಂದ ಸಿಪಾಯಿಗಳಷ್ಟೇ ಸಾಲರು. ಅವರು ಹುಟ್ಟುವ ಮೊದಲೇ ಇಲ್ಲಿನವರು ಬಟ್ಟೆಯ ಗುಣ ಬಲ್ಲವರಾಗಿದ್ದರು. ಎಲ್ಮಿನಾದಂಥ ಕೋಟೆಗಳಲ್ಲಿ ಯುರೋಪಿಯನ್ನರು ಗುಲಾಮರಿಗೆ, ಚಿನ್ನಕ್ಕೆ ಬದಲಾಗಿ ಕೊಟ್ಟ ಸರಕಿನಲ್ಲಿ ಗುಜರಾತಿನ ಮತ್ತು ಕೋರಮಂಡಲ ತೀರದ ಹತ್ತಿ ಬಟ್ಟೆಗಳು ದೊಡ್ಡ ಪಾಲು. ಜಾವಾದ ಬಾಟಿಕ್ ವಿನ್ಯಾಸಗಳ ಹಿಂದೆ ಗುಜರಾತಿನ ಪಟೋಲದ ನೆರಳಿದೆ. ಕೋಟೆಯ ನೆಲಮಾಳಿಗೆಯಲ್ಲಿ ನಿಂತಾಗ, ನಮ್ಮ ನೇಕಾರರ ಬಟ್ಟೆಗೆ ಬದಲಾಗಿ ಮನುಷ್ಯರನ್ನು ಕೊಂಡಿದ್ದರು ಎಂಬ ಸತ್ಯ ಎದೆಯ ಮೇಲೆ ಕಲ್ಲಾಗಿ ಕೂತಿತು. ಬಟ್ಟೆಯ ಚಂದವನ್ನು ಹೇಳುವಾಗ ಅದನ್ನು ಹೇಳದೆ ಬಿಡಲಾರೆ.

1890ರ ದಶಕದಲ್ಲಿ ಎಬೆನೆಜರ್ ಬ್ರೌನ್ ಫ್ಲೆಮಿಂಗ್ ಎಂಬ ಸ್ಕಾಟ್ಲೆಂಡಿನ ವ್ಯಾಪಾರಿ ಹಾರ್ಲೆಮ್ಮಿನ ಅಚ್ಚಿನ ಬಟ್ಟೆಗಳನ್ನು ಗೋಲ್ಡ್ ಕೋಸ್ಟಿಗೆ ತರಿಸತೊಡಗಿದ. ಜಾವಾದಲ್ಲಿ ದೋಷವಾಗಿದ್ದ ಬಿರುಕು ಇಲ್ಲಿ ಗುಣವಾಯಿತು. ಬೇಗನೆ ವಿನ್ಯಾಸಗಳೂ ಇಲ್ಲಿನವರ ಮನಸ್ಸಿಗೆ ತಿರುಗಿದವು. ಆ ಕಾಲದ ಒಂದು ವಿನ್ಯಾಸ ಇಂದಿಗೂ ಮಾರಾಟವಾಗುತ್ತಿದೆ: ತೆರೆದ ಅಂಗೈ, ಅದರಲ್ಲಿ ಹನ್ನೆರಡು ನಾಣ್ಯ, ಸುತ್ತ ಬಿಡಿ ಬೆರಳುಗಳು. ಅಂಗೈಯ ಸವಿ ಮುಂಗೈಗಿಲ್ಲ ಎಂಬ ಅಕಾನ್ ಗಾದೆಯೊಂದಿಗೆ ಜನ ಅದನ್ನು ಸೇರಿಸಿ ಓದುತ್ತಾರೆ.

ಮಕೋಲಾದ ಆ ಹಿರಿಯರ ಅಂಗಡಿಯಲ್ಲಿ ಕೂತಷ್ಟು ಹೊತ್ತೂ ಕೇಳಿಸುತ್ತಿದ್ದುದು ಹೆಸರುಗಳೇ. ಬಂದವರು ಯಾರೂ "ಆ ನೀಲಿ ಬಟ್ಟೆ ಕೊಡಿ" ಎನ್ನುತ್ತಿರಲಿಲ್ಲ. ಹಾರುವ ಹಕ್ಕಿಗಳ ಬಟ್ಟೆ 'ಸೀಕಾ ವೊ ನ್ತಬಾನ್', ಹಣಕ್ಕೆ ರೆಕ್ಕೆಯಿದೆ. ಇನ್ನೊಂದು 'ಅಹ್ವೆನೆ ಪಾ ನ್ಕಸಾ', ಒಳ್ಳೆಯ ಮಣಿ ಸದ್ದು ಮಾಡುವುದಿಲ್ಲ. ಚುಕ್ಕಿಗಳು ಸುತ್ತುಸುತ್ತಾಗಿ ಹರಡಿದ ಬಟ್ಟೆ ಇಲ್ಲಿ 'ನ್ಸು ಬುರಾ', ಬಾವಿ. ಬೇರೆ ಕಡೆ ಹೋದರೆ ಅದೇ ಗ್ರಾಮಫೋನ್ ತಟ್ಟೆ. ಫ್ರೆಂಚ್ ಆಡುವ ನೆರೆಯ ದೇಶಗಳಲ್ಲಿ ಪಂಜರದಿಂದ ಹಕ್ಕಿ ಹೊರಬರುವ ಬಟ್ಟೆಯ ಹೆಸರು 'ನೀನು ಹೊರಟರೆ ನಾನೂ ಹೊರಟೆ'. ಅದನ್ನು ಉಟ್ಟು ಗಂಡನ ಎದುರು ಓಡಾಡಿದರೆ ಸಾಕು, ಬಾಯಿ ತೆರೆಯಬೇಕಾಗಿಲ್ಲ. 'ಸವತಿಯ ಕಣ್ಣು' ಎಂಬುದಿದೆ, 'ನನ್ನ ಗಂಡ ಸಮರ್ಥ' ಎಂಬುದಿದೆ. 'ಆರು ಸ್ಪಾರ್ಕ್ ಪ್ಲಗ್ಗು' ಎಂಬುದು ಆರು ಸಿಲಿಂಡರಿನ ಕಾರು ಇಟ್ಟುಕೊಳ್ಳಬಲ್ಲ ಹೆಣ್ಣಿನ ಬಟ್ಟೆ.

ಹೆಸರು ಇಡುವವರು ಯಾರು ಎಂದು ಕೇಳಿದೆ. ಅವರು ನನ್ನನ್ನು ಆಶ್ಚರ್ಯದಿಂದ ನೋಡಿ, "ನಾವು" ಎಂದರು. "ಬೇಲು ಬಿಚ್ಚಿದ ದಿನ ನೋಡುತ್ತೇವೆ. ಊರಿನಲ್ಲಿ ಯಾವ ಹಾಡು ನಡೆಯುತ್ತಿದೆ, ಯಾವ ಸುದ್ದಿ ಬಾಯಲ್ಲಿದೆ, ಯಾವ ಗಾದೆ ಕೂಡುತ್ತದೆ ಅಂತ ನೋಡುತ್ತೇವೆ. ಹೆಸರು ಹಿಡಿದರೆ ಬಟ್ಟೆ ಓಡುತ್ತದೆ. ಹೆಸರು ಹಿಡಿಯದಿದ್ದರೆ ಮೂಲೆ ಸೇರುತ್ತದೆ."

ಇಳಕಲ್ಲಿನಲ್ಲಿ ಸೆರಗಿಗೆ ಟೋಪು ತೆನಿ, ಅಂಚಿಗೆ ಗೋಮಿ, ಚಿಕ್ಕಿ ಎಂದು ಹೆಸರಿಟ್ಟು ಕರೆಯುವ ಊರೂ ಅದನ್ನು ನೇಯುವ ಊರೂ ಒಂದೇ. ಇಲ್ಲಿ ಎರಡರ ನಡುವೆ ಸಾವಿರಾರು ಮೈಲಿ ಕಡಲು. ಹೆಲ್ಮಂಡಿನ ದಫ್ತರದಲ್ಲಿ ವಿನ್ಯಾಸವೆಂದರೆ ಒಂದು ಸಂಖ್ಯೆ. ಅದು ಮದುವೆಯ ಬಟ್ಟೆಯೋ, ಜಗಳದ ಬಟ್ಟೆಯೋ, ಸಾವಿನ ಮನೆಯ ಬಟ್ಟೆಯೋ ಆಗುವುದು ಈ ಸ್ಟೂಲಿನ ಮೇಲೆ ಕೂತವರ ಬಾಯಲ್ಲಿ. 1960ರ ದಶಕದ ಆರಂಭದಲ್ಲಿ ಹಾಲೆಂಡಿನಲ್ಲಿ ಬರೆದ, ಕುತ್ತಿಗೆಯ ಸುತ್ತ ಕಸೂತಿಯಂತೆ ಕಾಣುವ ಒಂದು ವಿನ್ಯಾಸ 1970ರ ದಶಕದ ಘಾನಾದ ಜನಪ್ರಿಯ ಹಾಡಿನಿಂದ 'ಏಂಜೆಲಿನಾ' ಆಯಿತು. ಅಮೆರಿಕದ ಕಪ್ಪುಜನರು ತಮ್ಮ ಬೇರಿನ ಗುರುತಾಗಿ ತೊಡುವ ದಶೀಕಿ ಅಂಗಿಯ ಮೇಲೆ ಹೆಚ್ಚಾಗಿ ಕಾಣುವುದು ಅದೇ ವಿನ್ಯಾಸ.

ಶನಿವಾರ ಟೆಮಾದ ರಸ್ತೆಗಳಲ್ಲಿ ನಿಂತರೆ ಹೆಸರಿಗೆ ಇರುವ ತೂಕ ಕಣ್ಣಿಗೆ ಬೀಳುತ್ತದೆ. ಘಾನಾದಲ್ಲಿ ಶವಸಂಸ್ಕಾರಗಳು ಹೆಚ್ಚಾಗಿ ನಡೆಯುವುದು ಶನಿವಾರ. ಕಪ್ಪು, ಕೆಂಪು ಬಟ್ಟೆಗಳ ಗುಂಪುಗಳು ಬಸ್ಸುಗಳಿಂದ ಇಳಿಯುತ್ತವೆ. ತುಂಬು ಬದುಕು ಬಾಳಿ ಹೋದವರಿಗೆ ಕಪ್ಪು ಬಿಳುಪು ಉಡುವುದುಂಟು. ಮನೆತನದವರೆಲ್ಲ ಒಂದೇ ವಿನ್ಯಾಸದ ಬಟ್ಟೆ ಕೊಂಡು, ತಮ್ಮತಮ್ಮ ದರ್ಜಿಯಿಂದ ತಮಗೆ ಬೇಕಾದಂತೆ ಹೊಲಿಸಿಕೊಳ್ಳುತ್ತಾರೆ. ಒಬ್ಬಳ ತೋಳು ಉಬ್ಬಿದ್ದು, ಒಬ್ಬಳದು ಗಂಟೆಯಾಕಾರದ್ದು, ಅಜ್ಜಿಯದು ಹಳೆಯ ಕಟ್ಟಿನ ಕಾಬಾ ರವಿಕೆ, ಉದ್ದ ಲಂಗ, ಮೇಲೊಂದು ಎರಡು ಗಜದ ತುಂಡು. ಆ ಎರಡು ಗಜದ ತುಂಡಿನಲ್ಲೇ ತಾಯಂದಿರು ಮಗುವನ್ನು ಬೆನ್ನಿಗೆ ಕಟ್ಟುತ್ತಾರೆ. ಒಳ್ಳೆಯ ಬಟ್ಟೆಯನ್ನು ಕತ್ತರಿ ಹಾಕದೆ ಪೆಟ್ಟಿಗೆಯಲ್ಲಿಟ್ಟು ಮಗಳಿಗೆ ಉಳಿಸುತ್ತಾರೆ. ಬ್ಯಾಂಕು ಸಾಲ ಕೊಡದ ಹೆಣ್ಣಿಗೆ ಆ ಪೆಟ್ಟಿಗೆಯೇ ಠೇವಣಿ.

ಇಷ್ಟು ಕಟ್ಟಿದವರನ್ನು ಅವರ ದೇಶ ಹೇಗೆ ನಡೆಸಿಕೊಂಡಿತು? ಮಕೋಲಾದ ಕಥೆ ಕಹಿಯಾದದ್ದು. 1970ರ ದಶಕದ ಕೊನೆಗೆ ಘಾನಾದಲ್ಲಿ ಬೆಲೆಗಳು ಕೈಮೀರಿದ್ದವು. ಸರಕು ಬಚ್ಚಿಟ್ಟು ಬೆಲೆ ಏರಿಸುವವರು ಮಾರುಕಟ್ಟೆಯ ಹೆಂಗಸರೇ ಎಂದು ಸೈನಿಕ ಸರ್ಕಾರ ತೀರ್ಮಾನಿಸಿತು. 1979ರ ಆಗಸ್ಟಿನಲ್ಲಿ ಸೈನಿಕರು ಹಳೆಯ ಮಕೋಲಾ ಮಾರುಕಟ್ಟೆಯನ್ನು ಸ್ಫೋಟಕ ಇಟ್ಟು ನೆಲಸಮ ಮಾಡಿದರು. ಆ ಜಾಗಕ್ಕೆ ಆಗಿನ ಆಡಳಿತಗಾರ ರಾಲಿಂಗ್ಸ್ ಹೆಸರು ಬಂತು, ವಾಹನ ನಿಲ್ಲಿಸುವ ಬಯಲಾಯಿತು. ಬೆಲೆಗಳು ಇಳಿಯಲಿಲ್ಲ. ವಿದೇಶಿ ವಿನಿಮಯವಿಲ್ಲದೆ ಸರಕೇ ಬರದಿದ್ದಾಗ ಮಾರುವವರ ಅಂಗಡಿ ಒಡೆದು ಏನು ಫಲ? ಹೆಂಗಸರು ಸುತ್ತಲಿನ ಬೀದಿಗಳಲ್ಲಿ ಮತ್ತೆ ಹಾಸಿ ಕೂತರು. ಇಂದಿನ ಮಕೋಲಾ ಹಾಗೆ ಎದ್ದು ನಿಂತದ್ದು.

ಪೂರ್ವದ ಗಡಿಯಾಚೆ ನಡೆದದ್ದು ಬೇರೆ. ಅದನ್ನು ನೋಡಬೇಕೆಂದು ಒಂದು ಬೆಳಗ್ಗೆ ಟ್ರೊಟ್ರೊ ವ್ಯಾನು ಹತ್ತಿ ಟೋಗೊ ದೇಶದ ಲೊಮೆಗೆ ಹೊರಟೆ. ಟೆಮಾ ಬಿಟ್ಟ ಮೇಲೆ ನೆಲ ಸಪಾಟಾಗುತ್ತದೆ, ಕುರುಚಲು ಹುಲ್ಲು, ದೂರದೂರ ಮರ. ಸೊಗಕೋಪೆಯಲ್ಲಿ ವೋಲ್ಟಾ ನದಿಯ ಸೇತುವೆ ಹತ್ತಿರ ವ್ಯಾನು ನಿಧಾನವಾದದ್ದೇ ತಡ, ತಲೆಯ ಮೇಲೆ ಬ್ರೆಡ್ಡಿನ ರಾಶಿ ಹೊತ್ತ ಹುಡುಗಿಯರು ಕಿಟಕಿಗೆ ಮುತ್ತಿದರು.

ಪಕ್ಕದಲ್ಲಿ ಕೂತಿದ್ದ ಯುವ ಶಿಕ್ಷಕರ ಊರು ಅಗೊಟಿಮೆ ಕ್ಪೆಟೊಯೆ. ಎವೆ ಜನರ ಕೆಂಟೆ ನೇಯ್ಗೆಗೆ ಹೆಸರಾದ ಊರದು. ನನ್ನ ಹುಡುಕಾಟ ಕೇಳಿ ಅವರು ಸುಮ್ಮನಿರಲಿಲ್ಲ. "ಹಾಲೆಂಡಿನ ಕಾರ್ಖಾನೆಯ ಬಟ್ಟೆಯನ್ನು ಆಫ್ರಿಕಾದ ಬಟ್ಟೆ ಅನ್ನುವುದು ಹೇಗೆ? ನಮ್ಮ ಅಪ್ಪ ನಾಲ್ಕು ಬೆರಳಗಲದ ಪಟ್ಟಿ ನೇಯ್ದು, ಪಟ್ಟಿಗೆ ಪಟ್ಟಿ ಜೋಡಿಸಿ ಒಂದು ಹೊದಿಕೆ ಮುಗಿಸಲು ತಿಂಗಳುಗಳು ಬೇಕು. ಅದು ನಮ್ಮದು. ಹತ್ತಿ ಬೆಳೆಯುವವರು ನಾವು. ಅದನ್ನು ಹಡಗಿಗೆ ತುಂಬಿ ಕಳಿಸಿ, ಬಟ್ಟೆಯಾಗಿ ತರಿಸಿಕೊಂಡು ಉಡುತ್ತೇವೆ."

ಅವರ ಮಾತಿನಲ್ಲಿ ನೋವಿತ್ತು, ಸತ್ಯವೂ ಇತ್ತು. ಬುರ್ಕಿನಾ ಫಾಸೊದ ಥಾಮಸ್ ಸಂಕಾರ 1983ರಿಂದ 1987ರವರೆಗೆ ಅಧಿಕಾರದಲ್ಲಿದ್ದಾಗ ಸರ್ಕಾರಿ ನೌಕರರು ದೇಶದ ಹತ್ತಿಯಿಂದ ಕೈಯಲ್ಲೇ ನೇಯ್ದ ಫಾಸೊ ದಾನ್ ಫಾನಿ ತೊಡಬೇಕೆಂದದ್ದು ಇದೇ ನೋವಿನಿಂದ. ನಮ್ಮ ಖಾದಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೂ ನನಗೆ ಅವರೊಂದಿಗೆ ಪೂರ್ತಿ ಒಪ್ಪಲು ಆಗಲಿಲ್ಲ. 18ನೇ ಶತಮಾನದಲ್ಲೇ ಘಾನಾದ ಅಸಾಂಟೆ ಜನರ ನೇಕಾರರು ಕಡಲಾಚೆಯಿಂದ ಬಂದ ರೇಷ್ಮೆ ಬಟ್ಟೆಗಳನ್ನು ಎಳೆ ಎಳೆಯಾಗಿ ಬಿಚ್ಚಿ, ಆ ನೂಲಿನಿಂದ ತಮ್ಮ ಬಟ್ಟೆ ನೇಯ್ದರು. ನೂಲು ಹೊರಗಿನದು, ಕೆಂಟೆ ಮಾತ್ರ ಅವರದೇ. ಅದನ್ನು ಅವರದಾಗಿಸಿದ್ದು ಅವರ ದುಡಿಮೆ. ಮೇಣದ ಅಚ್ಚಿನ ಬಟ್ಟೆಯ ಮೇಲೂ ಅಂಥ ದುಡಿಮೆ ಬಿದ್ದಿದೆ. ನೇಕಾರರ ದುಡಿಮೆ ಮಗ್ಗದ ಮೇಲೆ ಕಾಣುತ್ತದೆ, ವ್ಯಾಪಾರಿ ಹೆಂಗಸಿನ ದುಡಿಮೆ ಕಾಣುವುದಿಲ್ಲ. ಅಷ್ಟೇ ವ್ಯತ್ಯಾಸ.

ಅಫ್ಲಾವೊದಲ್ಲಿ ಗಡಿ ದಾಟಿದರೆ ಆಚೆಗೇ ಲೊಮೆ ನಗರ. ಬೈಕ್ ಟ್ಯಾಕ್ಸಿ ಕಡಲಂಚಿನ ರಸ್ತೆ ಹಿಡಿದು, ಜರ್ಮನರ ಕಾಲದ ಕೆಥೆಡ್ರಲ್ಲಿನ ಪಕ್ಕದಲ್ಲಿರುವ ದೊಡ್ಡ ಮಾರುಕಟ್ಟೆಗೆ ತಂದು ಇಳಿಸಿತು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಘಾನಾ ಆಮದಿನ ಮೇಲೆ ಸುಂಕ, ನಿರ್ಬಂಧ ಹೇರಿದಾಗ ಮೇಣದ ಬಟ್ಟೆಯ ವ್ಯಾಪಾರ ಸರಿದು ಬಂದದ್ದು ಇಲ್ಲಿಗೆ. ಬೆರಳೆಣಿಕೆಯ ಹೆಂಗಸರು ಅದನ್ನು ಹಿಡಿದರು. ಡಚ್ ಬಟ್ಟೆ ತರಿಸುತ್ತಿದ್ದ ಯುನೈಟೆಡ್ ಆಫ್ರಿಕಾ ಕಂಪನಿಯಂಥ ಸಂಸ್ಥೆಗಳೊಡನೆ ಕೂತು, ಇಂಥ ವಿನ್ಯಾಸವನ್ನು ತನ್ನ ಹೊರತು ಬೇರೆ ಯಾರಿಗೂ ಕೊಡಕೂಡದು ಎಂದು ಕರಾರು ಪಡೆದರು. ಲೊಮೆಯ ಅವರ ಅಂಗಡಿಯಿಂದ ಬಟ್ಟೆ ನೈಜೀರಿಯಾಕ್ಕೆ, ಐವರಿ ಕೋಸ್ಟಿಗೆ, ಕಾಂಗೋವರೆಗೆ ಹೋಯಿತು. ಅವರಲ್ಲಿ ಹಲವರು ಶಾಲೆಯ ಮುಖ ನೋಡಿದವರಲ್ಲ. ಲೆಕ್ಕ ತಲೆಯಲ್ಲೇ. ಮಕ್ಕಳನ್ನು ಯುರೋಪಿನಲ್ಲಿ ಓದಿಸಿದರು, ನಗರದಲ್ಲಿ ಮನೆಗಳನ್ನು ಕಟ್ಟಿಸಿದರು, ಮರ್ಸಿಡಿಸ್ ಬೆಂಜ್ ಕೊಂಡರು. ವಿದೇಶಿ ಗಣ್ಯರು ಬಂದಾಗ ಸರ್ಕಾರವೇ ಇವರ ಕಾರುಗಳನ್ನು ಎರವಲು ಪಡೆಯುತ್ತಿತ್ತು. ಜನ ಅವರನ್ನು 'ನಾನಾ ಬೆಂಜ್' ಎಂದರು. ಒಂದು ಗಡಿಯ ಈಚೆ ಪ್ರಭುತ್ವ ಹೆಂಗಸರ ಅಂಗಡಿ ಸಿಡಿಸಿದ ಕಾಲದಲ್ಲೇ ಆಚೆ ಪ್ರಭುತ್ವ ಅವರ ಕಾರಿನಲ್ಲಿ ಮೆರೆಯುತ್ತಿತ್ತು.

ಆ ತಲೆಮಾರಿನ ವ್ಯಾಪಾರಿಯೊಬ್ಬರ ಬಳಿ ಕೆಲಸ ಕಲಿತ ಹೆಂಗಸೊಬ್ಬರ ಅಂಗಡಿಯಲ್ಲಿ ನನಗೆ ಕೂರಲು ಜಾಗ ಸಿಕ್ಕಿತು. ಅವರ ಮಗ ನಮ್ಮಿಬ್ಬರ ನಡುವೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದ.

"ಕಂಪನಿಯವರು ಕಾಗದದ ಮೇಲೆ ಬರೆದ ವಿನ್ಯಾಸ ತರುತ್ತಿದ್ದರು. ನಮ್ಮ ಯಜಮಾನಿ ನೋಡಿ, ಈ ಹಸಿರು ನಮ್ಮಲ್ಲಿ ಓಡುವುದಿಲ್ಲ, ಹಳದಿ ಮಾಡಿ, ಹೂವು ದೊಡ್ಡದು ಮಾಡಿ ಅನ್ನುತ್ತಿದ್ದರು. ಅವರು ಹೋಗಿ ಹಾಗೇ ಮಾಡುತ್ತಿದ್ದರು. ಬಟ್ಟೆ ಬಂದಾಗ ಹೆಸರು ಇಡುತ್ತಿದ್ದವರೂ ಯಜಮಾನಿಯೇ."

"ಅದಕ್ಕೆ ಬೇರೆ ಹಣ ಕೊಡುತ್ತಿದ್ದರಾ?"

"ಹೆಸರಿಗೆ ಯಾರು ಹಣ ಕೊಡುತ್ತಾರೆ? ಬಟ್ಟೆ ಮಾರಿದರೆ ಲಾಭ. ಅಷ್ಟೇ."

ಆ ಲಾಭವೂ ನಿಲ್ಲಲಿಲ್ಲ. 1992-93ರ ದೀರ್ಘ ಸಾರ್ವತ್ರಿಕ ಮುಷ್ಕರದಲ್ಲಿ ಲೊಮೆ ಸ್ತಬ್ಧವಾಯಿತು. 1994ರ ಜನವರಿಯಲ್ಲಿ ಟೋಗೊದ ಹಣವಾದ ಸಿಎಫ್‌ಎ ಫ್ರಾಂಕಿನ ಮೌಲ್ಯವನ್ನು ಒಂದೇ ಏಟಿಗೆ ಅರ್ಧಕ್ಕೆ ಇಳಿಸಿದರು, ಡಚ್ ಬಟ್ಟೆ ಮೇಷ್ಟ್ರು, ಗುಮಾಸ್ತರ ಹೆಂಡಂದಿರ ಕೈಗೆ ಎಟುಕದಾಯಿತು. ಅದೇ ವಿನ್ಯಾಸಗಳನ್ನು ನಕಲು ಮಾಡಿದ ಚೀನಾದ ಬಟ್ಟೆ ಬಂತು, ಎಷ್ಟೋ ಅಗ್ಗಕ್ಕೆ. ಅದನ್ನು ತರಿಸಲು ಸ್ವತಃ ಚೀನಾಕ್ಕೆ ಹೋಗಿ ಬಂದ ಹೊಸ ತಲೆಮಾರಿನ ವ್ಯಾಪಾರಿಗಳಿಗೆ 'ನಾನೆಟ್' ಎಂಬ ಹೆಸರಾಯಿತು. 2013ರ ಜನವರಿಯ ಬೆಂಕಿಯಲ್ಲಿ ಮಾರುಕಟ್ಟೆಯ ಕಟ್ಟಡವೇ ಸುಟ್ಟಿತು. ಘಾನಾದ ಕಾರ್ಖಾನೆಗಳಿಗೂ ಪೆಟ್ಟು ಬಿತ್ತು. 1977ರ ಸುಮಾರಿಗೆ 25,000 ಜನಕ್ಕೆ ಕೆಲಸ ಕೊಟ್ಟಿದ್ದ ಜವಳಿ ಉದ್ಯಮದಲ್ಲಿ 2000ದ ಹೊತ್ತಿಗೆ ಉಳಿದವರು ಸುಮಾರು 5,000. ಟೆಮಾದ ಜಿಟಿಪಿ, ಅಕೊಸೊಂಬೊದ ಎಟಿಎಲ್ ಕಾರ್ಖಾನೆಗಳ ಹೆಸರನ್ನು ಅಕ್ರಾದ ವ್ಯಾಪಾರಿಗಳು ಮನೆಮಂದಿಯ ಹೆಸರಿನಂತೆ ಆಡುತ್ತಾರೆ, ಅಷ್ಟೇ ಕಳವಳದಿಂದ ಕೂಡ.

ಚೀನಾದ ನಕಲಿನ ವಿರುದ್ಧ ಕಂಪನಿಗಳು ದೂರುತ್ತವೆ. ವಿನ್ಯಾಸಕ್ಕೆ ಹಕ್ಕು ಬೇಕು, ಒಪ್ಪುತ್ತೇನೆ. ಬರೆದ ಕೈಗೆ ಕೂಲಿ ಸಲ್ಲಬೇಕು. ಆದರೆ ಆ ಹಕ್ಕಿನ ಲೆಕ್ಕ ಎಲ್ಲಿಂದ ಶುರುವಾಗಬೇಕು? ಜಾವಾದ ಹೆಂಗಸರಿಂದ ಎತ್ತಿಕೊಂಡದ್ದಕ್ಕೆ ಹಾರ್ಲೆಮ್ ಏನು ಕೊಟ್ಟಿತು? ನಕಲು ಮಾಡುವವನಿಗೂ ಬೇಕಾಗುವುದು ಗೆರೆ, ಬಣ್ಣಗಳಷ್ಟೇ ಅಲ್ಲ. ಹೆಸರು ಹಿಡಿದ, ಮನೆಮನೆ ಸೇರಿದ ಬಟ್ಟೆಯನ್ನೇ ಹುಡುಕಿ ಅವನು ನಕಲು ಮಾಡುತ್ತಾನೆ. ಹಾಗಾದರೆ ಕಳುವಾದದ್ದರಲ್ಲಿ ಒಂದು ಪಾಲು ಲೊಮೆಯ, ಮಕೋಲಾದ ಹೆಂಗಸರದು. ಆ ಪಾಲನ್ನು ಯಾವ ನ್ಯಾಯಾಲಯವೂ ಅವರ ಹೆಸರಿಗೆ ಬರೆದಿಲ್ಲ.

ಲಂಡನ್ನಿನ ಕಲಾವಿದ ಯಿಂಕಾ ಶೋನಿಬಾರೆ ತಮ್ಮ ಶಿಲ್ಪಗಳಿಗೆ ಈ ಬಟ್ಟೆಯನ್ನೇ ತೊಡಿಸುತ್ತಾರೆ. ಬ್ರಿಕ್ಸ್‌ಟನ್ ಮಾರುಕಟ್ಟೆಯಲ್ಲಿ ಕೊಂಡ ಆಫ್ರಿಕಾದ ಬಟ್ಟೆ ಹಾಲೆಂಡಿನದೆಂದು ತಿಳಿದ ಕ್ಷಣ ಅವರ ಕಲೆಗೆ ತಿರುವು ಕೊಟ್ಟಿತು. 2010ರಲ್ಲಿ ಟ್ರಫಾಲ್ಗರ್ ಚೌಕದಲ್ಲಿ ನಿಂತ ಅವರ ನೆಲ್ಸನ್ ಹಡಗಿನ ಹಾಯಿಗಳೆಲ್ಲ ಇಂಥ ಬಟ್ಟೆಯವು. ಸಾಮ್ರಾಜ್ಯದ ಕಡಲದಾರಿಗಳನ್ನು ಬಟ್ಟೆಯ ಮೇಲೆ ಓದಲು ಅವರು ಲೋಕಕ್ಕೆ ಕಲಿಸಿದರು. ಆ ಓದಿಗೆ ಇನ್ನೊಂದು ಸಾಲು ಸೇರಬೇಕು ಎಂದು ಈ ಪ್ರವಾಸ ನನಗೆ ತಿಳಿಸಿತು. ಹಡಗುಗಳು ಬಟ್ಟೆಯನ್ನು ದಡಕ್ಕೆ ತಂದು ಹಾಕಿದವು. ದಡದ ಮೇಲೆ ಕಾದು ನಿಂತವರು ಬರಿದೆ ಕೈಯೊಡ್ಡಿದವರಲ್ಲ. ಬೇಕಾದದ್ದು ಆರಿಸಿದರು, ಬೇಡದ್ದು ಹಿಂದಕ್ಕೆ ಕಳಿಸಿದರು, ಬಣ್ಣ ತಿದ್ದಿಸಿದರು, ಹೆಸರಿಟ್ಟರು. ಇದು ಆಫ್ರಿಕಾದ ಬಟ್ಟೆಯೇ ಎಂದು ಯಾರಾದರೂ ಕೇಳಿದರೆ ನಾನು ಹೌದೆನ್ನುತ್ತೇನೆ, ಆ ಹೆಂಗಸರ ದುಡಿಮೆಯನ್ನು ಸಾಕ್ಷಿಯಾಗಿ ಇಟ್ಟು.

ಆ ಸಾಕ್ಷಿಯನ್ನು ಬರೆದಿಡಬೇಕಾದ ಕಾಲ ಇದು. ನಾನಾ ಬೆಂಜ್ ತಲೆಮಾರಿನವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ, ತಲೆಯಲ್ಲೇ ಇದ್ದ ಲೆಕ್ಕ ಅವರೊಂದಿಗೇ ಹೋಗುತ್ತಿದೆ. ಯಾವ ವಿನ್ಯಾಸಕ್ಕೆ ಯಾರು ಹೆಸರಿಟ್ಟರು, ಯಾರ ಮಾತಿನಿಂದ ಯಾವ ಬಣ್ಣ ಬದಲಾಯಿತು ಎಂಬುದನ್ನು ಬದುಕಿರುವವರಿಂದ ಕೇಳಿ ದಾಖಲಿಸಬೇಕು. ವಸ್ತುಸಂಗ್ರಹಾಲಯದಲ್ಲಿ ಬಟ್ಟೆಯ ಪಕ್ಕದ ಚೀಟಿಯ ಮೇಲೆ ಕಾರ್ಖಾನೆಯ ಹೆಸರು, ಇಸವಿಗಳ ಜೊತೆಗೆ ಅದನ್ನು ಊರಿಗೆ ಒಪ್ಪಿಸಿದ ವ್ಯಾಪಾರಿಯ ಹೆಸರೂ ಇರಬೇಕು. ಹಳೆಯ ವಿನ್ಯಾಸವನ್ನು ಮತ್ತೆ ಅಚ್ಚು ಹಾಕಿ ಗಳಿಸುವ ಕಂಪನಿ ಅದರಲ್ಲೊಂದು ಪಾಲನ್ನು ಆ ಮಾರುಕಟ್ಟೆಗಳಿಗೆ ಮರಳಿಸಬೇಕು. ವಿನ್ಯಾಸಕಾರರ ಪಂಕ್ತಿಯಲ್ಲಿ ಈ ಹೆಂಗಸರಿಗೆ ಎಲೆ ಹಾಕಲೇಬೇಕು. ಅದು ಯಾರೋ ಮಾಡುವ ಉಪಕಾರವಲ್ಲ, ನೂರು ವರ್ಷಕ್ಕೂ ಮಿಕ್ಕಿ ಬಾಕಿ ಉಳಿದ ಕೂಲಿ.